ಎರಡು ರೂಪಗಳು ಒಂದೇ ಎಂದು ತೀರ್ಮಾನಿಸುವವರು ಯಾರು? ಡೇಟಾಬೇಸ್ ಡ್ರೈವರುಗಳ ಪದರಗಳಲ್ಲಿ ಮರೆಯಾಗುವ ಆಯ್ಕೆಗಳನ್ನು ಕುರಿತ ವಿಮರ್ಶೆ

ಕಾರ್ಪಸ್ ಆಧಾರಿತ ಅಧ್ಯಯನದ ಪ್ರತಿಯೊಂದು ಎಣಿಕೆಯೂ ಎರಡು ತೀರ್ಮಾನಗಳ ಮೇಲೆ ನಿಂತಿರುತ್ತದೆ. ಪಠ್ಯವನ್ನು ಎಲ್ಲಿ ಒಡೆದು ಪದವೆಂದು ಕರೆಯಬೇಕು ಎಂಬುದು ಮೊದಲನೆಯದು. ಹಾಗೆ ಒಡೆದು ಪಡೆದ ಎರಡು ಬಳಕೆಗಳು ಒಂದೇ ಪದರೂಪವೋ ಬೇರೆ ಬೇರೆ ರೂಪಗಳೋ ಎಂಬುದು ಎರಡನೆಯದು. ಮೊದಲನೆಯದರ ಬಗ್ಗೆ ಕನ್ನಡ ಭಾಷಾವಿಜ್ಞಾನದಲ್ಲಿ ಚರ್ಚೆಗೆ ಕೊರತೆಯಿಲ್ಲ; ಸಂಧಿ, ಸಮಾಸ, ಪ್ರತ್ಯಯಗಳ ಸರಣಿ ಇವುಗಳಿಂದಾಗಿ ಕನ್ನಡದಲ್ಲಿ ಪದದ ಗಡಿಯೇ ಒಂದು ಸಮಸ್ಯೆ ಎಂಬುದನ್ನು ವಿದ್ಯಾರ್ಥಿಗಳೂ ಬಲ್ಲರು. ಎರಡನೆಯದನ್ನು ಮಾತ್ರ ನಾವು ಬಹುಮಟ್ಟಿಗೆ ಚರ್ಚಿಸುವುದೇ ಇಲ್ಲ. ಏಕೆಂದರೆ ಆ ತೀರ್ಮಾನ ನಮ್ಮ ಕೈಗೆ ಬರುವ ಮೊದಲೇ ಮುಗಿದಿರುತ್ತದೆ. ಪಠ್ಯವನ್ನು ಇಟ್ಟ ಡೇಟಾಬೇಸು, ಅದನ್ನು ತಲುಪಿಸುವ ಡ್ರೈವರು, ಡ್ರೈವರಿನ ಮೇಲೆ ಕೂತ ಕನೆಕ್ಟರು, ಅದಕ್ಕೂ ಮೇಲಿನ ವಿಶ್ಲೇಷಣಾ ಲೈಬ್ರರಿ: ಈ ಪದರಗಳಲ್ಲಿ ಯಾವುದೋ ಒಂದರ ಸಂರಚನಾ ಆಯ್ಕೆ ಅದನ್ನು ಇತ್ಯರ್ಥ ಮಾಡಿರುತ್ತದೆ.

ಈ ಆಯ್ಕೆಗಳು ಮೇಲಿನ ಪದರಗಳಿಗೆ ಬರುತ್ತ ಬರುತ್ತ ಹೇಗೆ ಕಣ್ಮರೆಯಾಗುತ್ತವೆ, ಹೆಸರು ಬದಲಿಸಿಕೊಳ್ಳುತ್ತವೆ, ಕೆಲವೊಮ್ಮೆ ಅರ್ಥವನ್ನೇ ಬದಲಿಸಿಕೊಳ್ಳುತ್ತವೆ ಎಂಬುದು ಈ ಲೇಖನದ ವಿಷಯ. ತಂತ್ರಜ್ಞರು ಇದನ್ನು ಬಳಕೆಯ ಸರಳತೆಯ ಪ್ರಶ್ನೆಯಾಗಿ ನೋಡುತ್ತಾರೆ. ನಮಗೆ ಇದು ಭಾಷಾವೈಜ್ಞಾನಿಕ ಪ್ರಶ್ನೆ. ಯಾವ ವ್ಯತ್ಯಾಸ ಅರ್ಥಭೇದಕ, ಯಾವುದು ಅಲ್ಲ ಎಂದು ನಿರ್ಧರಿಸುವುದು ಧ್ವನಿಮಾ ಸಿದ್ಧಾಂತದ ಕಾಲದಿಂದ ನಮ್ಮ ಶಾಸ್ತ್ರದ ಮೂಲ ಕೆಲಸ. ಆ ಕೆಲಸವನ್ನು ನಾವು ಕೇಳದೆಯೇ ಒಂದು ಪೂರ್ವನಿಯೋಜಿತ ಮೌಲ್ಯಕ್ಕೆ ಒಪ್ಪಿಸಿಬಿಟ್ಟಿದ್ದೇವೆ.

1. ನುಕ್ತೆ ಎಲ್ಲಿ ಹೋಯಿತು?

ಒಂದು ಖಚಿತ ಪ್ರಕರಣದಿಂದ ಆರಂಭಿಸೋಣ. ಕನ್ನಡದ ನುಕ್ತೆ ಯೂನಿಕೋಡಿಗೆ ಸೇರಿದ್ದು 2003ರ 4.0 ಆವೃತ್ತಿಯಲ್ಲಿ. ಅದರ ಸ್ಥಾನ 0ಸಿಬಿಸಿ. 'ಫ್ಯಾನ್' ಎಂದೂ 'ಫ಼್ಯಾನ್' ಎಂದೂ, 'ಜೀರೊ' ಎಂದೂ 'ಜ಼ೀರೊ' ಎಂದೂ ಬರೆಯುವ ಎರಡು ರೂಢಿಗಳು ಇಂದು ಜೊತೆಜೊತೆಗೆ ನಡೆದಿವೆ. ಯಾರು, ಯಾವ ಬಗೆಯ ಬರಹದಲ್ಲಿ, ಯಾವ ಪದಗಳಿಗೆ ನುಕ್ತೆ ಹಾಕುತ್ತಾರೆ ಎಂಬುದು ಸಾಮಾಜಿಕ ಭಾಷಾವಿಜ್ಞಾನಕ್ಕೆ ಒಳ್ಳೆಯ ವಿಷಯ. ದಖನಿಯ ಮಾತನ್ನು ಕನ್ನಡ ಲಿಪಿಯಲ್ಲಿ ದಾಖಲಿಸುವವರಿಗೆ ಇದು ರೂಢಿಯ ಮಾತಷ್ಟೇ ಅಲ್ಲ: 'ರಾಜ್' ಎಂದರೆ ಆಳ್ವಿಕೆ, 'ರಾಜ಼್' ಎಂದರೆ ಗುಟ್ಟು. ಎರಡನ್ನೂ ಬೇರ್ಪಡಿಸುವುದು ಆ ಒಂದು ಚುಕ್ಕೆ.

ಸಂಶೋಧಕಿಯೊಬ್ಬರು ತಮ್ಮ ಪಠ್ಯವನ್ನು ಪದಗಳಾಗಿ ಒಡೆದು, ಪೈಥಾನಿನ ಪಾಂಡಾಸ್ ಲೈಬ್ರರಿಯಲ್ಲಿ ಒಂದು ಕೋಷ್ಟಕ ಮಾಡಿ, ಅದರ 'ಟು_ಎಸ್‌ಕ್ಯೂಎಲ್' ವಿಧಾನದ ಮೂಲಕ ಮೈಎಸ್‌ಕ್ಯೂಎಲ್ 8.0ಕ್ಕೆ ತುಂಬುತ್ತಾರೆ ಎಂದು ಭಾವಿಸೋಣ. ಪಾಂಡಾಸ್ ಈ ಕೆಲಸವನ್ನು ಎಸ್‌ಕ್ಯೂಎಲ್‌ಆಲ್ಕೆಮಿಗೆ ಒಪ್ಪಿಸುತ್ತದೆ, ಅದು ಪೈಮೈಎಸ್‌ಕ್ಯೂಎಲ್ ಮುಂತಾದ ಡ್ರೈವರಿಗೆ, ಡ್ರೈವರು ಸರ್ವರಿಗೆ. ಕೋಷ್ಟಕ ಹೊಸದಾಗಿದ್ದರೆ ಪದರೂಪಗಳ ಸಾಲಿಗೆ ಪಠ್ಯಜಾತಿ ನಿಗದಿಯಾಗುತ್ತದೆ, ಆದರೆ ಅದರ ಕೊಲೇಶನ್, ಅಂದರೆ ಹೋಲಿಕೆ ಮತ್ತು ವಿಂಗಡಣೆಯ ನಿಯಮ, ಯಾರೂ ಹೇಳದೆ ಡೇಟಾಬೇಸಿನ ಪೂರ್ವನಿಯೋಜಿತ ಮೌಲ್ಯದಿಂದ ಬರುತ್ತದೆ. 2018ರಲ್ಲಿ ಬಂದ 8.0 ಆವೃತ್ತಿಯಲ್ಲಿ ಯಾರೂ ಬದಲಿಸದಿದ್ದರೆ ಆ ಮೌಲ್ಯ 'ಯುಟಿಎಫ್8ಎಂಬಿ4_0900_ಎಐ_ಸಿಐ'. ಹೆಸರಿನ ಕೊನೆಯ ತುಣುಕುಗಳನ್ನು ಬಿಡಿಸಿದರೆ ಸಿಗುವ ಅರ್ಥ ಇದು: ಆಕ್ಸೆಂಟ್ ಗುರುತುಗಳನ್ನು ಲೆಕ್ಕಿಸಬೇಡ, ದೊಡ್ಡ–ಸಣ್ಣ ಅಕ್ಷರಗಳ ಭೇದವನ್ನೂ ಲೆಕ್ಕಿಸಬೇಡ.

ಈ ಕೊಲೇಶನ್ನಿಗೆ ಆಧಾರವಾದ ಯೂನಿಕೋಡ್ ವಿಂಗಡಣಾ ಕ್ರಮದಲ್ಲಿ ಪ್ರತಿ ಚಿಹ್ನೆಗೂ ಹಲವು ಹಂತಗಳ ತೂಕವಿದೆ. ಮೂಲಾಕ್ಷರಗಳ ಭೇದ ಮೊದಲ ಹಂತದ್ದು, ಅವುಗಳ ಮೇಲೆ ಕೂಡುವ ಗುರುತುಗಳದ್ದು ಎರಡನೆಯ ಹಂತ. ನುಕ್ತೆಗೆ ಮೊದಲ ಹಂತದಲ್ಲಿ ತೂಕವೇ ಇಲ್ಲ. ಆದ್ದರಿಂದ ಎರಡನೆಯ ಹಂತವನ್ನು ಕೈಬಿಡುವ ಈ ಕೊಲೇಶನ್ನಿಗೆ 'ಫ' ಮತ್ತು 'ಫ಼' ಒಂದೇ, 'ರಾಜ್' ಮತ್ತು 'ರಾಜ಼್' ಒಂದೇ. ಆವರ್ತನವನ್ನು 'ಗ್ರೂಪ್ ಬೈ' ಮೂಲಕ ಎಣಿಸಿದರೆ ಎರಡು ರೂಪಗಳೂ ಒಂದೇ ಸಾಲಿನಲ್ಲಿ ಕೂಡಿಹೋಗುತ್ತವೆ. ಆ ಸಾಲಿನಲ್ಲಿ ಯಾವ ರೂಪ ಮುಖ ತೋರಿಸುತ್ತದೆ ಎಂಬುದಕ್ಕೂ ಖಾತರಿಯಿಲ್ಲ. ನುಕ್ತೆಯ ಬಳಕೆಯನ್ನು ಅಳೆಯಲು ಹೊರಟ ಸಂಶೋಧಕಿಗೆ ನುಕ್ತೆಯೇ ಇಲ್ಲದ ಪಟ್ಟಿ ಸಿಗಬಹುದು. ಯಾವ ದೋಷಸಂದೇಶವೂ ಬರುವುದಿಲ್ಲ, ಏಕೆಂದರೆ ಯಂತ್ರದ ದೃಷ್ಟಿಯಲ್ಲಿ ದೋಷವೇ ಆಗಿಲ್ಲ.

ಅದೇ ಪದಗಳನ್ನು ಅವರು ಡೇಟಾಬೇಸಿನಲ್ಲಿ ಎಣಿಸದೆ ಪಾಂಡಾಸಿಗೆ ತಂದುಕೊಂಡು ಅಲ್ಲಿ ಎಣಿಸಿದ್ದರೆ ಫಲಿತಾಂಶ ಬೇರೆ. ಪೈಥಾನ್ ಹೋಲಿಸುವುದು ಸಂಕೇತಸ್ಥಾನಗಳನ್ನು. ನುಕ್ತೆ ಇರುವ ರೂಪ ಅದಕ್ಕೆ ಬೇರೆಯದೇ. ಒಂದೇ ದತ್ತಾಂಶ, ಒಬ್ಬರೇ ಸಂಶೋಧಕರು, ಎರಡು ಉತ್ತರ. ವ್ಯತ್ಯಾಸಕ್ಕೆ ಕಾರಣ ಭಾಷೆಯಲ್ಲಿಲ್ಲ, ಎಣಿಕೆ ಯಾವ ಪದರದಲ್ಲಿ ನಡೆಯಿತು ಎಂಬುದರಲ್ಲಿದೆ. ಯಂತ್ರ ಬದಲಿಸಿದರೂ ಹೀಗಾಗಬಹುದು. ಹಿಂದಿನ 5.7 ಆವೃತ್ತಿಯಲ್ಲಿ ಯುಟಿಎಫ್8ಎಂಬಿ4 ಆರಿಸಿದವರಿಗೆ ತಾನಾಗಿ ಸಿಗುತ್ತಿದ್ದ 'ಜನರಲ್_ಸಿಐ' ಕೊಲೇಶನ್ನು ನಗಣ್ಯ ಚಿಹ್ನೆಗಳೆಂಬ ಪರಿಕಲ್ಪನೆಯನ್ನೇ ಅರಿಯದು. ಅದು ನುಕ್ತೆಯನ್ನು ಒಂದು ಸ್ವತಂತ್ರ ಚಿಹ್ನೆಯಾಗಿ ಎಣಿಸುತ್ತಿತ್ತು. ಹಳೆಯ ಗಣಕದಲ್ಲಿ ಓಡಿಸಿದ ಅದೇ ಪ್ರೋಗ್ರಾಮನ್ನು ಹೊಸ ಗಣಕದಲ್ಲಿ ಓಡಿಸಿ ಕೋಷ್ಟಕವನ್ನು ಹೊಸದಾಗಿ ಕಟ್ಟಿದರೆ ಪ್ರಬಂಧದ ಕೋಷ್ಟಕಗಳು ಬದಲಾಗುತ್ತವೆ. ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಎಣಿಕೆಯನ್ನು ಮರುಪರಿಶೀಲಿಸಲು ಕೇಳಿದರೆ ಆ ವಿದ್ಯಾರ್ಥಿನಿಯ ಬಳಿ ಯಾವ ಉತ್ತರವಿರಬಲ್ಲದು?

'ಆಕ್ಸೆಂಟ್' ಎಂಬ ಆ ಹೆಸರಿನ ಮೇಲೆಯೇ ಒಂದು ಆಕ್ಷೇಪವನ್ನು ದಾಖಲಿಸಬೇಕು. ಲ್ಯಾಟಿನ್ ಲಿಪಿಯ ಭಾಷೆಗಳಲ್ಲಿ ಹುಡುಕುವವರು ಗುರುತುಗಳನ್ನು ಹಾಕದೆ ಬೆರಳಚ್ಚಿಸುವುದುಂಟು. ಅವರ ಅನುಕೂಲಕ್ಕೆ ಗುರುತುಗಳನ್ನು ಕಡೆಗಣಿಸುವ ಪದ್ಧತಿ ಹುಟ್ಟಿತು. ಆ ಬಳಕೆಯ ಹೆಸರನ್ನು ಎಲ್ಲ ಲಿಪಿಗಳ ಎರಡನೆಯ ಹಂತಕ್ಕೂ ಹಚ್ಚಲಾಗಿದೆ. ನುಕ್ತೆ ಆಕ್ಸೆಂಟ್ ಅಲ್ಲ; ಅದು ವ್ಯಂಜನದ ಗುರುತನ್ನೇ ಬದಲಿಸುವ ಚಿಹ್ನೆ. ಕನ್ನಡದ ಬಳಕೆದಾರರು ಆಯ್ಕೆಗಳ ಪಟ್ಟಿಯಲ್ಲಿ ಆ ಹೆಸರನ್ನು ಓದಿದರೂ ಅದು ತಮಗೆ ಸಂಬಂಧಿಸಿದ್ದೆಂದು ಊಹಿಸಲಾರರು. ಆಯ್ಕೆಯನ್ನು ತೆರೆದಿಟ್ಟ ಮಾತ್ರಕ್ಕೆ ಅದು ಗೋಚರವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತಿಳಿದಿಲ್ಲ.

2. ಮೂರು ಉದ್ದಗಳ 'ಕನ್ನಡ'

ನುಕ್ತೆ ಅಪರೂಪದ ಚಿಹ್ನೆ, ಇದೊಂದು ಅಂಚಿನ ಪ್ರಕರಣ ಎಂದು ಯಾರಾದರೂ ಹೇಳಬಹುದು. ಹಾಗಿದ್ದರೆ ದಿನನಿತ್ಯದ ಬರಹಕ್ಕೆ ಬರೋಣ. 'ರಾಜ್‌ಕುಮಾರ್' ಎಂಬ ಹೆಸರನ್ನು ಒತ್ತಕ್ಷರ ಮೂಡದಂತೆ ಬರೆಯಲು ಜಕಾರದ ಅರ್ಧಾಕ್ಷರದ ಮುಂದೆ ಕಣ್ಣಿಗೆ ಕಾಣದ, ಶೂನ್ಯ ಅಗಲದ ಒಂದು ಅಸಂಯೋಜಕ ಚಿಹ್ನೆ ಬೇಕು. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕದೆ ಒತ್ತು ಬಂದರೂ ಬಿಡುತ್ತಾರೆ. ಯೂನಿಕೋಡ್ ವಿಂಗಡಣಾ ಕ್ರಮಕ್ಕೆ ಈ ಚಿಹ್ನೆ ಯಾವ ಹಂತದಲ್ಲೂ ಲೆಕ್ಕಕ್ಕಿಲ್ಲ; ಆದ್ದರಿಂದ ಮೈಎಸ್‌ಕ್ಯೂಎಲ್ 8.0ರ ಪೂರ್ವನಿಯೋಜಿತ ನಿಯಮದಡಿ ಎರಡೂ ಬರಹಗಳು ಒಂದೇ ಪದ. ಎಸ್‌ಕ್ಯೂಲೈಟಿನ ಪೂರ್ವನಿಯೋಜಿತ ನಿಯಮ ಬೈಟುಗಳನ್ನು ಹೋಲಿಸುತ್ತದೆ. ಅದಕ್ಕೆ ಅವು ಎರಡು ಪದ. ಪೋಸ್ಟ್‌ಗ್ರೆಸ್ ಕೂಡ ಸಮಾನತೆಯ ಮಟ್ಟಿಗೆ ಬೈಟುಗಳನ್ನೇ ನೋಡುತ್ತದೆ. ಬೇರೆ ಬೈಟುಗಳ ರೂಪಗಳನ್ನು ಸಮವೆಂದು ಎಣಿಸಬಲ್ಲ ಕೊಲೇಶನ್ನುಗಳು ಅದಕ್ಕೆ ಬಂದದ್ದು 2019ರ 12ನೆಯ ಆವೃತ್ತಿಯಲ್ಲಿ, ಅವನ್ನೂ ನಾವೇ ಕಟ್ಟಿಕೊಳ್ಳಬೇಕು. ಇಲ್ಲಿ ಮೈಎಸ್‌ಕ್ಯೂಎಲ್ ಕೊಟ್ಟ ಉತ್ತರವೇ ಬಹುಪಾಲು ಅಧ್ಯಯನಗಳಿಗೆ ಹೊಂದುವಂಥದ್ದು ಎಂಬುದನ್ನು ಒಪ್ಪಬೇಕು. ನುಕ್ತೆಯಲ್ಲಿ ತಪ್ಪಿದ ನಿಯಮವೇ ಅಸಂಯೋಜಕದಲ್ಲಿ ಸರಿಹೋಗುತ್ತದೆ. ಹಾಗಾಗಿ 'ಸರಿಯಾದ ಕೊಲೇಶನ್ ಯಾವುದು' ಎಂದು ಕೇಳುವುದೇ ತಪ್ಪು. ಪ್ರಶ್ನೆಗೆ ತಕ್ಕಂತೆ ಅದನ್ನು ಆರಿಸಬೇಕು, ಆರಿಸಲು ಅದು ಕೈಗೆಟುಕಬೇಕು.

ಓಕಾರದ ಗುಣಿತಚಿಹ್ನೆಯ ಕಥೆಯೂ ಇಂಥದೇ. ಅದನ್ನು ಒಂದು ಸಂಕೇತವಾಗಿಯೂ ಬರೆಯಬಹುದು, ಒಕಾರದ ಚಿಹ್ನೆಗೆ ದೀರ್ಘವನ್ನು ಸೇರಿಸಿ ಎರಡಾಗಿಯೂ ಬರೆಯಬಹುದು, ಎಕಾರ, ಊಕಾರದ ಚಿಹ್ನೆ, ದೀರ್ಘ ಎಂದು ಪೂರ್ತಿ ಬಿಡಿಸಿ ಮೂರಾಗಿಯೂ ಬರೆಯಬಹುದು. ಮೂರೂ ಸಮಾನವೆಂದು ಯೂನಿಕೋಡ್ ವಿಧಿಸುತ್ತದೆ. ಬೈಟುಗಳನ್ನು ಹೋಲಿಸುವ ಡೇಟಾಬೇಸಿಗೆ ಅವು ಮೂರು ಬೇರೆ ಪದಗಳು. ಬೇರೆ ಬೇರೆ ಮೂಲಗಳಿಂದ ಕೂಡಿಸಿದ ಪಠ್ಯವನ್ನು ಏಕರೂಪಗೊಳಿಸದೆ ತುಂಬಿದರೆ ರೂಪಗಳ ಸಂಖ್ಯೆ ಊದಿಕೊಳ್ಳುತ್ತದೆ. ಪದವೈವಿಧ್ಯದ ಯಾವ ಸೂಚ್ಯಂಕವೂ ಅದರಿಂದ ಪಾರಾಗದು.

ಹೆಚ್ಚು ಹಾನಿಕರವಾದದ್ದು ಸಂಪರ್ಕದ ಅಕ್ಷರಸಂಕೇತ. ಮೈಎಸ್‌ಕ್ಯೂಎಲ್ 8.0ಕ್ಕೆ ಮೊದಲು ಸರ್ವರಿನ ಪೂರ್ವನಿಯೋಜಿತ ಸಂಕೇತ ಲ್ಯಾಟಿನ್1 ಆಗಿತ್ತು. ಯುಟಿಎಫ್-8ರಲ್ಲಿ 'ಕ' ಅಕ್ಷರಕ್ಕೆ ಮೂರು ಬೈಟುಗಳು. ಪ್ರೋಗ್ರಾಮು ಆ ಬೈಟುಗಳನ್ನು ಕಳಿಸುತ್ತದೆ, ಸಂಪರ್ಕ ಅವನ್ನು ಲ್ಯಾಟಿನ್1 ಎಂದು ಸಾರುತ್ತದೆ, ಸರ್ವರು ಮೂರು ಯುರೋಪಿಯನ್ ಚಿಹ್ನೆಗಳೆಂದು ನಂಬಿ ಇಟ್ಟುಕೊಳ್ಳುತ್ತದೆ. ಹಿಂದಕ್ಕೆ ಓದುವಾಗ ಅದೇ ಸಂಪರ್ಕ ಅದೇ ಸುಳ್ಳನ್ನು ತಿರುಗಿಸಿ ಹೇಳುವುದರಿಂದ ಪರದೆಯ ಮೇಲೆ ಶುದ್ಧ ಕನ್ನಡವೇ ಮೂಡುತ್ತದೆ. ಎರಡು ತಪ್ಪುಗಳು ಪರಸ್ಪರ ವಜಾ ಆಗಿವೆ. ಆದರೆ ಡೇಟಾಬೇಸನ್ನು 'ಕನ್ನಡ' ಎಂಬ ಪದದಲ್ಲಿ ಎಷ್ಟು ಚಿಹ್ನೆಗಳಿವೆ ಎಂದು ಕೇಳಿದರೆ ಹದಿನೈದು ಎನ್ನುತ್ತದೆ. ಸರಿಯಾದ ಸಂಪರ್ಕದಲ್ಲಿ ಅದು ಐದು. ಓದುಗರ ಎಣಿಕೆಯಲ್ಲಿ ಮೂರು ಅಕ್ಷರ. ಸಾಲದೆಂಬಂತೆ 'ಲೆಂಗ್ತ್' ಎಂಬ ಒಂದೇ ಹೆಸರಿನ ಕಾರ್ಯ ಮೈಎಸ್‌ಕ್ಯೂಎಲ್‌ನಲ್ಲಿ ಬೈಟುಗಳನ್ನೂ ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯೂಲೈಟ್‌ಗಳಲ್ಲಿ ಸಂಕೇತಸ್ಥಾನಗಳನ್ನೂ ಎಣಿಸುತ್ತದೆ. ಪದದ ಉದ್ದ ಮತ್ತು ಆವರ್ತನದ ಸಂಬಂಧವನ್ನು ಕನ್ನಡದಲ್ಲಿ ಪರೀಕ್ಷಿಸುವ ಯಾರೇ ಆಗಲಿ ಮೊದಲು ಕೇಳಬೇಕಾದ್ದು ಯಾವ ಉದ್ದ ಎಂದು.

ವಿಂಗಡಣೆಯ ವಿಷಯದಲ್ಲಿ ಒಂದೇ ಉದಾಹರಣೆ ಸಾಕು. ಹಳಗನ್ನಡದ ಪದಪಟ್ಟಿಯೊಂದನ್ನು ಎಸ್‌ಕ್ಯೂಲೈಟಿನಲ್ಲಿಟ್ಟು ಅಕಾರಾದಿಯಾಗಿ ಕೇಳಿದರೆ 'ಕೞ್ತೆ' ಎಂಬುದು 'ಕಾಲ್', 'ಕಿವಿ' ಎಲ್ಲ ದಾಟಿ ಕಕಾರದ ಕೊನೆಗೆ ಬೀಳುತ್ತದೆ, ಏಕೆಂದರೆ ೞ ಅಕ್ಷರದ ಸಂಕೇತಸ್ಥಾನ ಗುಣಿತಚಿಹ್ನೆಗಳಿಗಿಂತ ಆಚೆಗಿದೆ. ಆ ಅಕ್ಷರವನ್ನು ಯೂನಿಕೋಡ್ 'ಫಾ' ಎಂದು ತಪ್ಪಾಗಿ ಹೆಸರಿಸಿ, ಹೆಸರುಗಳನ್ನು ಬದಲಿಸಬಾರದೆಂಬ ತನ್ನದೇ ನಿಯಮದಿಂದಾಗಿ ತಿದ್ದುಪಡಿಯನ್ನು ಅಡ್ಡಹೆಸರಾಗಿ ಮಾತ್ರ ಸೇರಿಸಿಕೊಂಡಿದೆ. ಅಕ್ಷರಗಳನ್ನು ಎಣಿಸುವಲ್ಲೇ ಯಾವುದು ಕನ್ನಡದ್ದು ಯಾವುದು ಅಲ್ಲ ಎಂದು ವಿಚಾರಿಸಿದ ಕೇಶಿರಾಜನಿಗೆ ಇದನ್ನು ಹೇಗೆ ವಿವರಿಸುವುದೋ ತಿಳಿಯದು. ಪೈಥಾನಿನ ಎಸ್‌ಕ್ಯೂಲೈಟ್ ಮಾಡ್ಯೂಲು ಸ್ವಂತ ವಿಂಗಡಣಾ ನಿಯಮವನ್ನು ನೋಂದಾಯಿಸಲು ಅವಕಾಶ ಕೊಡುತ್ತದೆ. ಆದರೆ ಆ ನಿಯಮ ಆ ಸಂಪರ್ಕಕ್ಕಷ್ಟೇ ಸೀಮಿತ; ಅದನ್ನು ಬಳಸಿ ಕಟ್ಟಿದ ಕಡತವನ್ನು ಬೇರೊಂದು ಉಪಕರಣದಲ್ಲಿ ತೆರೆದು ಹಾಗೆ ವಿಂಗಡಿಸಲು ಹೋದರೆ ಅಂಥ ನಿಯಮವೇ ಇಲ್ಲ ಎಂಬ ಉತ್ತರ ಬರುತ್ತದೆ. ಕೊನೆಯ ಪಕ್ಷ ಇಲ್ಲಿ ಉಪಕರಣ ಬಾಯಿ ಬಿಟ್ಟು ಹೇಳುತ್ತದೆ.

3. ಕೋರಿಕೆ, ಹೇಳಿಕೆ, ಮೌನ

ಪದರದಿಂದ ಪದರಕ್ಕೆ ಒಂದು ಆಯ್ಕೆ ಸಾಗುವ ದಾರಿಯನ್ನು ಭಾಷೆಯಾಗಿ ಓದಿದರೆ ಕಾಣುವುದು ಪರ್ಯಾಯಪದಗಳ ಮತ್ತು ನಾನಾರ್ಥಗಳ ಗೊಂದಲ. ಪೈಮೈಎಸ್‌ಕ್ಯೂಎಲ್ ಅದನ್ನು 'ಕ್ಯಾರ್‌ಸೆಟ್' ಎನ್ನುತ್ತದೆ, ಜಾವಾದ ಕನೆಕ್ಟರ್/ಜೆ 'ಕ್ಯಾರೆಕ್ಟರ್‌ಎನ್‌ಕೋಡಿಂಗ್' ಎನ್ನುತ್ತದೆ, ಪೋಸ್ಟ್‌ಗ್ರೆಸ್ 'ಕ್ಲೈಂಟ್_ಎನ್‌ಕೋಡಿಂಗ್' ಎನ್ನುತ್ತದೆ, ಆರ್ ಭಾಷೆಯ ಒಡಿಬಿಸಿ ಪ್ಯಾಕೇಜು ಬರೀ 'ಎನ್‌ಕೋಡಿಂಗ್' ಎನ್ನುತ್ತದೆ. ಹೆಸರುಗಳ ವೈವಿಧ್ಯ ದೊಡ್ಡ ತೊಂದರೆಯಲ್ಲ. ಕನ್ನಡದಲ್ಲೂ ಒಂದು ವಸ್ತುವಿಗೆ ನಾಲ್ಕು ಪ್ರಾದೇಶಿಕ ಹೆಸರುಗಳಿವೆ. ತೊಂದರೆ ಬೇರೆ ಕಡೆ ಇದೆ. ಕನೆಕ್ಟರ್/ಜೆಯಲ್ಲಿ ಯುಟಿಎಫ್-8 ಎಂದು ಕೊಟ್ಟರೆ ಅದು ಸರ್ವರಿನ ಯುಟಿಎಫ್8ಎಂಬಿ4 ಎಂದು ಅನುವಾದವಾಗತೊಡಗಿದ್ದು 8.0.13 ಆವೃತ್ತಿಯಿಂದ ಈಚೆಗೆ. ಮೈಎಸ್‌ಕ್ಯೂಎಲ್‌ನಲ್ಲಿ 'ಯುಟಿಎಫ್8' ಎಂಬ ಹೆಸರು ಬಹುಕಾಲ ಸೂಚಿಸಿದ್ದು ಗರಿಷ್ಠ ಮೂರು ಬೈಟುಗಳ ಕುಂಠಿತ ರೂಪವನ್ನು. ಕನ್ನಡದ ಅಕ್ಷರಗಳೆಲ್ಲ ಮೂರು ಬೈಟುಗಳೊಳಗೆ ಮುಗಿಯುವುದರಿಂದ ಶಿಷ್ಟ ಬರಹದ ಪಠ್ಯಗಳಿಗೆ ತೊಡಕಾಗಲಿಲ್ಲ. ಸಾಮಾಜಿಕ ಜಾಲತಾಣದ ಬರಹವನ್ನು ಇಮೋಜಿಗಳ ಸಮೇತ ಸಂಗ್ರಹಿಸಿದವರಿಗೆ ಆಯಿತು.

ಇನ್ನೂ ಆಳವಾದ ಭೇದವೊಂದಿದೆ. ವಾಕ್‌ಕ್ರಿಯೆಗಳ ಸಿದ್ಧಾಂತದ ಪರಿಭಾಷೆಯಲ್ಲಿ ಹೇಳುವುದಾದರೆ, ಪೋಸ್ಟ್‌ಗ್ರೆಸ್‌ನ 'ಕ್ಲೈಂಟ್_ಎನ್‌ಕೋಡಿಂಗ್' ಒಂದು ಕೋರಿಕೆ: ನನಗೆ ಪಠ್ಯವನ್ನು ಈ ಸಂಕೇತಕ್ಕೆ ಪರಿವರ್ತಿಸಿ ಕೊಡು ಎಂದು ಅದು ಸರ್ವರನ್ನು ಕೇಳುತ್ತದೆ. ಪರಿವರ್ತನೆ ಸಾಧ್ಯವಾಗದಿದ್ದರೆ ಸರ್ವರು ನಿರಾಕರಿಸುತ್ತದೆ. ಆರ್‌ನ ಒಡಿಬಿಸಿ ಪ್ಯಾಕೇಜಿನ 'ಎನ್‌ಕೋಡಿಂಗ್' ಒಂದು ಹೇಳಿಕೆ: ಡೇಟಾಬೇಸಿನ ಪಠ್ಯ ಈ ಸಂಕೇತದಲ್ಲಿದೆ ಎಂದು ಅದು ಪ್ಯಾಕೇಜಿಗೆ ಸಾರುತ್ತದೆ. ಹೇಳಿಕೆ ಸುಳ್ಳಾದರೆ ಯಾರೂ ನಿರಾಕರಿಸುವುದಿಲ್ಲ. ಅಕ್ಷರಗಳು ಕಲಸಿಹೋಗುತ್ತವೆ ಅಷ್ಟೆ. ಒಂದೇ ಪದ, ಎರಡು ವಿಭಿನ್ನ ವಾಕ್‌ಕ್ರಿಯೆಗಳು. ಒಂದು ಉಪಕರಣದಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಒಯ್ಯುವ ವಿದ್ಯಾರ್ಥಿ ಎಡವುವುದು ಇಲ್ಲಿ, ಮತ್ತು ಕೈಪಿಡಿಗಳಲ್ಲಿ ಎರಡನ್ನೂ ಒಂದೇ ಬಗೆಯ ವಾಕ್ಯದಲ್ಲಿ ವಿವರಿಸುವುದರಿಂದ ಎಡವಿದ್ದು ತಿಳಿಯುವುದಿಲ್ಲ.

ಮೂರನೆಯದು ಮೌನ. ಪೋಸ್ಟ್‌ಗ್ರೆಸ್‌ನ ಮೂಲ ಲೈಬ್ರರಿಯಾದ ಲಿಬ್‌ಪಿಕ್ಯೂಗೆ ಅದು ಅರಿಯದ ಆಯ್ಕೆಯೊಂದನ್ನು ಕೊಟ್ಟರೆ ಸಂಪರ್ಕವನ್ನೇ ಕೊಡದು. ಒಡಿಬಿಸಿ ನಿರ್ದಿಷ್ಟತೆಯಲ್ಲಿ ಹಾಗಲ್ಲ: ಸಂಪರ್ಕದ ಸಾಲಿನಲ್ಲಿ ಅಪರಿಚಿತ ಹೆಸರು ಕಂಡರೆ ಡ್ರೈವರು ಸಂಪರ್ಕ ಸಾಧಿಸಿ, ಯಶಸ್ಸು ಎಂದು ವರದಿ ಮಾಡಿ, ಜೊತೆಗೆ 01ಎಸ್00 ಎಂಬ ಸಂಖ್ಯೆಯ ಎಚ್ಚರಿಕೆಯನ್ನು ಇಡಬಹುದು. ಮೇಲಿನ ಪದರಗಳಲ್ಲಿ ಅದನ್ನು ಎತ್ತಿ ಓದುವ ಕೆಲಸ ಸಾಮಾನ್ಯವಾಗಿ ಯಾರದೂ ಅಲ್ಲ. ಅಕ್ಷರಸಂಕೇತದ ಆಯ್ಕೆಯ ಹೆಸರಿನಲ್ಲಿ ಕಾಗುಣಿತದ ತಪ್ಪೊಂದು ನುಸುಳಿದರೆ ಸಂಶೋಧಕರು ತಾವು ಆರಿಸಿದ್ದೇವೆಂದು ನಂಬಿರುತ್ತಾರೆ, ಉಪಕರಣ ಹೇಳಿದ್ದೇನೆಂದು ನಂಬಿರುತ್ತದೆ.

4. ಮರೆಮಾಡುವುದರ ಸಮರ್ಥನೆ

ಪದರಗಳಿರುವುದೇ ವಿವರಗಳನ್ನು ಮರೆಮಾಡಲು ಎಂಬ ವಾದವನ್ನು ನಾವು ಲಘುವಾಗಿ ಕಾಣುವುದಿಲ್ಲ. ಡೇವಿಡ್ ಪಾರ್ನಾಸ್ 1972ರಲ್ಲಿ ಮಂಡಿಸಿದ ಮಾಹಿತಿ ಮರೆಮಾಚುವಿಕೆಯ ತತ್ತ್ವ ತಂತ್ರಾಂಶ ವಿನ್ಯಾಸದ ಅಡಿಗಲ್ಲುಗಳಲ್ಲಿ ಒಂದು: ಮುಂದೆ ಬದಲಾಗಬಹುದಾದ ವಿನ್ಯಾಸ ನಿರ್ಧಾರಗಳನ್ನು ಒಂದೊಂದು ಘಟಕದೊಳಗೆ ಅಡಗಿಸಿಡಿ, ಆಗ ಒಂದರ ಬದಲಾವಣೆ ಇನ್ನೊಂದನ್ನು ಕೆಡಿಸದು. ಕಡತವನ್ನು ಡಿಸ್ಕಿನಲ್ಲಿ ಹೇಗೆ ಜೋಡಿಸಲಾಗಿದೆ, ಜಾಲದ ಮೇಲೆ ಪೊಟ್ಟಣಗಳು ಹೇಗೆ ಹೋಗುತ್ತವೆ ಎಂಬುದು ಭಾಷಾವಿಜ್ಞಾನಿಗೆ ಬೇಕಿಲ್ಲ. ಅವು ಮರೆಯಲ್ಲೇ ಇರಲಿ. ಆದರೆ ಪಾರ್ನಾಸರ ತತ್ತ್ವ ಅಡಗಿಸಲು ಹೇಳಿದ್ದು ಘಟಕವನ್ನು ಕಟ್ಟುವವರ ನಿರ್ಧಾರಗಳನ್ನು. 'ರಾಜ್' ಮತ್ತು 'ರಾಜ಼್' ಒಂದೇ ಪದವೋ ಅಲ್ಲವೋ ಎಂಬುದು ಡ್ರೈವರು ಬರೆದವರ ನಿರ್ಧಾರವಲ್ಲ. ಅದು ಅವರ ಕೈಗೆ ಬಿದ್ದದ್ದು ಯಾರೂ ಹಕ್ಕು ಸಾಧಿಸದಿದ್ದುದರಿಂದ.

ಕೆಳಗಿನ ಪದರಗಳು ಇಷ್ಟು ಗುಟ್ಟಿನವಲ್ಲ ಎಂಬುದು ಇಲ್ಲಿನ ವಿಪರ್ಯಾಸ. ಲಿಬ್‌ಪಿಕ್ಯೂ ತನಗೆ ತಿಳಿದ ಆಯ್ಕೆಗಳ ಪೂರ್ತಿ ಪಟ್ಟಿಯನ್ನು, ಪ್ರತಿಯೊಂದರ ಹೆಸರು, ಅದನ್ನು ನಿರ್ಧರಿಸಬಲ್ಲ ಪರಿಸರ ಚರ, ಅಂತರ್ಗತ ಮೌಲ್ಯ, ಈಗಿನ ಮೌಲ್ಯಗಳ ಸಮೇತ ಕೇಳಿದವರಿಗೆ ಕೊಡುತ್ತದೆ. ಜೆಡಿಬಿಸಿ ನಿರ್ದಿಷ್ಟತೆ ಪ್ರತಿ ಡ್ರೈವರೂ ತನ್ನ ಆಯ್ಕೆಗಳನ್ನು ವಿವರಣೆ ಮತ್ತು ಪರ್ಯಾಯಗಳೊಡನೆ ಹೇಳಿಕೊಳ್ಳುವ ವಿಧಾನವೊಂದನ್ನು ಕಡ್ಡಾಯವಾಗಿ ಇರಿಸಿದೆ. ಅಂದರೆ ತಳದಲ್ಲಿ ಆತ್ಮವಿವರಣೆಯ ಸಾಮರ್ಥ್ಯವಿದೆ. ಮೇಲೆ ಬರುತ್ತ ಅದು ಸೋರಿಹೋಗುತ್ತದೆ. ಪೈಥಾನಿನ ಡೇಟಾಬೇಸ್ ಸಂಪರ್ಕಕ್ಕೆ ಸಾಮಾನ್ಯ ನಿಯಮ ಹಾಕಿದ ಪೆಪ್ 249 ಸಂಪರ್ಕದ ನಿಯತಾಂಕಗಳಿಗೆ ಮಾರ್ಗಸೂಚಿಯಾಗಿ ಹೆಸರಿಸುವುದು ಐದನ್ನೇ: ದತ್ತಮೂಲ, ಬಳಕೆದಾರ, ಗುಪ್ತಪದ, ಆತಿಥೇಯ ಯಂತ್ರ, ಡೇಟಾಬೇಸಿನ ಹೆಸರು. ಅಕ್ಷರಸಂಕೇತ ಆ ಪಟ್ಟಿಯಲ್ಲಿಲ್ಲ. ಅದು ಆಯಾ ಡ್ರೈವರಿನ ಇಚ್ಛೆ. ಪಾಂಡಾಸಿನ ಓದುವ ಕಾರ್ಯಕ್ಕೆ ಸಂಪರ್ಕವಿಳಾಸವನ್ನು ಬರೀ ಒಂದು ಸಾಲಾಗಿ ಕೊಟ್ಟರೆ ಆ ಸಾಲಿನ ಬಾಲದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಮುಂದೆ ಸಿಕ್ಕಿಸಿದ ಆಯ್ಕೆಗಳಷ್ಟೇ ಡ್ರೈವರನ್ನು ತಲುಪುತ್ತವೆ. ಬೇರೆ ಬಾಗಿಲಿಲ್ಲ. ಬರೆಯುವ ಕಾರ್ಯದಲ್ಲಿ ಸಾಲಿನ ಜಾತಿಯನ್ನು ಹೇಳುವ 'ಡಿಟೈಪ್' ನಿಯತಾಂಕವಿದೆ, ಅದರೊಳಗೆ ಎಸ್‌ಕ್ಯೂಎಲ್‌ಆಲ್ಕೆಮಿಯ ಪಠ್ಯಜಾತಿಯನ್ನಿಟ್ಟು ಅದರೊಳಗೆ ಕೊಲೇಶನ್ನನ್ನು ಹೇಳಬಹುದು. ಸಾಧ್ಯವಿದೆ ಎಂಬುದು ನಿಜ. ಕೋಣೆಯೊಳಗಿನ ಪೆಟ್ಟಿಗೆಯೊಳಗಿನ ಡಬ್ಬಿಯಲ್ಲಿ ಕೀಲಿಕೈ ಇರುವುದೂ ನಿಜವೇ.

ನಮ್ಮ ಕ್ಷೇತ್ರದ್ದೇ ಉಪಕರಣಗಳೂ ಇದರಿಂದ ಹೊರತಲ್ಲ. ಆ್ಯಂಡ್ರ್ಯೂ ಹಾರ್ಡಿ ರೂಪಿಸಿದ ಸಿಕ್ಯೂಪಿವೆಬ್ ಅತ್ಯಂತ ಉಪಯುಕ್ತ ವ್ಯವಸ್ಥೆ. ಅದರ ಮೇಲೆ ನಮಗೆ ಗೌರವವಿದೆ. ಅದು ಹುಡುಕಾಟಕ್ಕೆ ಕಾರ್ಪಸ್ ವರ್ಕ್‌ಬೆಂಚಿನ ಎಂಜಿನನ್ನೂ ಆವರ್ತನ ಪಟ್ಟಿಗಳಿಗೆ ಮೈಎಸ್‌ಕ್ಯೂಎಲ್ ಕೋಷ್ಟಕಗಳನ್ನೂ ನೆಚ್ಚಿದೆ. ಹುಡುಕಾಟದ ಭಾಷೆಯಲ್ಲಿ ಅಕ್ಷರಗಾತ್ರದ ಭೇದವನ್ನೂ ಗುರುತುಗಳನ್ನೂ ಕಡೆಗಣಿಸಲು ಬಳಕೆದಾರರೇ ಹಾಕಬಹುದಾದ ಸೂಚಕಗಳಿವೆ. ಪ್ರಶ್ನೆಯನ್ನು ಉಲ್ಲೇಖಿಸಿದರೆ ಅವೂ ಉಲ್ಲೇಖವಾಗುತ್ತವೆ. ಆವರ್ತನ ಪಟ್ಟಿಯ ಹಿಂದಿನ ಕೊಲೇಶನ್ ಹಾಗಲ್ಲ, ಅದು ಕಾರ್ಪಸ್ಸನ್ನು ಸ್ಥಾಪಿಸಿದವರ ಕೈಯಲ್ಲಿರುತ್ತದೆ. ಒಂದೇ ಪುಟದಲ್ಲಿ ಅಕ್ಕಪಕ್ಕ ಕಾಣುವ ಎರಡು ಸಂಖ್ಯೆಗಳು ಎರಡು ಸಮಾನತಾ ನಿಯಮಗಳಿಂದ ಬಂದಿರಬಹುದು. ಮೈಎಸ್‌ಕ್ಯೂಎಲ್ ಒಂದರೊಳಗೇ ಈ ಭೇದವಿದೆ: 'ಲೈಕ್' ಹೋಲಿಸುವುದು ಒಂದೊಂದು ಚಿಹ್ನೆಯನ್ನು, ಸಮಚಿಹ್ನೆ ಹೋಲಿಸುವುದು ಇಡೀ ಪದವನ್ನು, ಎರಡರ ಉತ್ತರ ಬೇರೆಯಾಗಬಹುದೆಂದು ಅದರ ಕೈಪಿಡಿಯೇ ಹೇಳುತ್ತದೆ.

5. ಮೂಲವನ್ನು ಹೇಳುವ ಮೌಲ್ಯ

ಪೋಸ್ಟ್‌ಗ್ರೆಸ್‌ನಲ್ಲಿ 'ಪಿಜಿ_ಸೆಟ್ಟಿಂಗ್ಸ್' ಎಂಬ ನೋಟವೊಂದಿದೆ. ಅದರಲ್ಲಿ ಪ್ರತಿ ಆಯ್ಕೆಯ ಈಗಿನ ಮೌಲ್ಯದ ಪಕ್ಕದಲ್ಲಿ ಆ ಮೌಲ್ಯ ಎಲ್ಲಿಂದ ಬಂತು ಎಂದು ಹೇಳುವ ಸಾಲೂ ಇದೆ: ಪೂರ್ವನಿಯೋಜಿತವೋ, ಸಂರಚನಾ ಕಡತದ್ದೋ, ಆ ಡೇಟಾಬೇಸಿಗೆ ವಿಧಿಸಿದ್ದೋ, ಸಂಪರ್ಕಿಸಿದ ಪ್ರೋಗ್ರಾಮು ಕಳಿಸಿದ್ದೋ, ಈ ಅಧಿವೇಶನದಲ್ಲಿ ಬದಲಿಸಿದ್ದೋ. ಭಾಷಾವಿಜ್ಞಾನಿಗಳು ಇದನ್ನು ಕೂಡಲೇ ಗುರುತಿಸಬೇಕು. 'ಮಳೆ ಬಂತು' ಎನ್ನುವುದಕ್ಕೂ 'ಮಳೆ ಬಂತಂತೆ' ಎನ್ನುವುದಕ್ಕೂ ಇರುವ ವ್ಯತ್ಯಾಸವೇ ಇದು. ಕನ್ನಡ ತನ್ನ ಕ್ರಿಯಾಪದದ ತುದಿಯಲ್ಲಿ ಮಾಹಿತಿಯ ಮೂಲವನ್ನು ಸೂಚಿಸಬಲ್ಲದು. ಪೋಸ್ಟ್‌ಗ್ರೆಸ್ ಅದನ್ನು ಒಂದು ಸಾಲಿನಲ್ಲಿ ಸೂಚಿಸುತ್ತದೆ. ಮೈಎಸ್‌ಕ್ಯೂಎಲ್ 8.0ರಲ್ಲೂ ಇಂಥ ಮೂಲಸೂಚಕ ಕೋಷ್ಟಕವಿದೆ. ಮೇಲಿನ ಪದರಗಳು ಮಾಡಬೇಕಾದ್ದು ಹೊಸ ಹೆಸರುಗಳನ್ನು ಟಂಕಿಸುವುದಲ್ಲ, ಎಲ್ಲ ಆಯ್ಕೆಗಳನ್ನೂ ತಮ್ಮ ಮುಖಪುಟಕ್ಕೆ ತಂದು ಸುರಿಯುವುದೂ ಅಲ್ಲ. ಕೆಳಗಿನ ಡ್ರೈವರಿನ ಹೆಸರನ್ನೇ ಉಳಿಸಿಕೊಂಡು ಆಯ್ಕೆಯನ್ನು ಹಾಗೇ ದಾಟಿಸಬೇಕು. ಅರಿಯದ ಹೆಸರು ಬಂದರೆ ನಿರಾಕರಿಸಬೇಕು. ಕೊನೆಗೆ ಜಾರಿಯಲ್ಲಿದ್ದ ಮೌಲ್ಯವನ್ನೂ ಅದರ ಮೂಲವನ್ನೂ ಫಲಿತಾಂಶದ ಜೊತೆ ಹಿಂದಿರುಗಿಸಬೇಕು. ಮೂರರಲ್ಲಿ ಕೊನೆಯದೇ ಮುಖ್ಯ ಎಂದು ನಮ್ಮ ಅಭಿಪ್ರಾಯ. ನಾವು ಕೊಟ್ಟದ್ದು ಏನು ಎಂಬುದಕ್ಕಿಂತ ನಡೆದದ್ದು ಏನು ಎಂಬುದು ಎಣಿಕೆಯನ್ನು ಮರುಪರಿಶೀಲಿಸುವವರಿಗೆ ಬೇಕು.

ತಂತ್ರಾಂಶ ಬರೆಯುವವರು ಇದನ್ನು ಮಾಡುವವರೆಗೆ ಕಾಯಬೇಕಾಗಿಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಎಲ್‌ಡಿಸಿ-ಐಎಲ್ ಯೋಜನೆಯಂಥ ಮೂಲಗಳಿಂದ ಕನ್ನಡ ಪಠ್ಯವನ್ನು ಪಡೆದು ಪ್ರತಿಯೊಬ್ಬರೂ ತಮ್ಮ ತಮ್ಮ ಡೇಟಾಬೇಸಿಗೆ ತುಂಬುವ ಪದ್ಧತಿ ಇರುವವರೆಗೆ, ಕಾರ್ಪಸ್ಸಿನ ಹೆಸರನ್ನು ಹೇಳಿದರೆ ದತ್ತಾಂಶವನ್ನು ಹೇಳಿದಂತಾಗುವುದಿಲ್ಲ. ಎಣಿಕೆಗಳನ್ನು ಮಂಡಿಸುವ ಪ್ರಬಂಧದ ಅನುಬಂಧದಲ್ಲಿ ಡೇಟಾಬೇಸು ಮತ್ತು ಡ್ರೈವರುಗಳ ಆವೃತ್ತಿ, ಪದರೂಪಗಳ ಸಾಲಿನ ಕೊಲೇಶನ್, ಸಂಪರ್ಕದ ಅಕ್ಷರಸಂಕೇತ, ಪಠ್ಯವನ್ನು ಏಕರೂಪಗೊಳಿಸಿದ ಬಗೆ, ಎಣಿಕೆ ಯಾವ ಪದರದಲ್ಲಿ ನಡೆಯಿತು ಎಂಬ ಉಲ್ಲೇಖ ಇವಿಷ್ಟನ್ನು ಕೇಳುವುದು ಮಾರ್ಗದರ್ಶಕರಿಗೂ ಪತ್ರಿಕೆಗಳ ವಿಮರ್ಶಕರಿಗೂ ಅಸಾಧ್ಯವೇನಲ್ಲ. ಬರೆಯಲು ಅರ್ಧ ಪುಟವೂ ಬೇಡ. ಕೋಷ್ಟಕದ ರಚನೆಯನ್ನು ತೋರಿಸುವ ಆಜ್ಞೆಯ ಉತ್ತರವನ್ನು ಹಾಗೇ ಅಂಟಿಸಿದರೆ ಅರ್ಧ ಕೆಲಸ ಮುಗಿಯುತ್ತದೆ.

ಇದಕ್ಕೂ ಮೊದಲು ಮಾಡಬಹುದಾದ ಒಂದು ಸಣ್ಣ ಪರೀಕ್ಷೆಯಿದೆ. ನುಕ್ತೆಯುಳ್ಳ ಮತ್ತು ಇಲ್ಲದ 'ರಾಜ್', ಅಸಂಯೋಜಕವುಳ್ಳ ಮತ್ತು ಇಲ್ಲದ 'ರಾಜ್‌ಕುಮಾರ್', ಓಕಾರವನ್ನು ಒಂದಾಗಿ ಮತ್ತು ಬಿಡಿಸಿ ಬರೆದ 'ಕೋಟೆ', ಹೀಗೆ ಆರು ಸಾಲುಗಳ ಕೋಷ್ಟಕವೊಂದನ್ನು ತಮ್ಮದೇ ಸರಣಿಯ ಮೂಲಕ, ಅಂದರೆ ನಿತ್ಯ ಬಳಸುವ ಅದೇ ಲೈಬ್ರರಿ, ಅದೇ ಡ್ರೈವರುಗಳ ಮೂಲಕ ತುಂಬಿ, 'ಗ್ರೂಪ್ ಬೈ' ಹಾಕಿ, ಎಷ್ಟು ಸಾಲುಗಳು ಹಿಂದಿರುಗುತ್ತವೆ ಎಂದು ನೋಡುವುದು. ಆರು, ಮೂರು, ಅಥವಾ ನಡುವಿನ ಯಾವ ಸಂಖ್ಯೆ ಬಂದರೂ ಅದನ್ನು ಪ್ರಬಂಧದ ಮೊದಲ ಆವರ್ತನ ಕೋಷ್ಟಕದ ಕೆಳಗೆ ಬರೆದಿಡಬಹುದು.